ಮೂರನೆಯ ಹುಸಿಗುಂಡು

ಮಾರ್ಚ್ 2, ಶನಿವಾರ

ಇವತ್ತಿನಿಂದ ಹೊಸ ತಂಡ. ಆರು ಜನ, ಹನ್ನೆರಡು ಕೈ, ಅದರಲ್ಲಿ ಹನ್ನೊಂದು ನಡುಗುವ ಕೈ. ಹನ್ನೆರಡನೆಯದು ದಂತವೈದ್ಯ ಕ್ರೋಲ್‌ನ ಎಡಗೈ. ಅದು ಜೇಬಿನಲ್ಲಿತ್ತು.

ಊರಿನ ಬಂದೂಕು ಕ್ಲಬ್ಬಿನಲ್ಲಿ ಏಳು ಶನಿವಾರಗಳ ತರಗತಿ. 'ಪಿಸ್ತೂಲಿನಿಂದ ಆತ್ಮರಕ್ಷಣೆ: ಅನಿರೀಕ್ಷಿತಕ್ಕೆ ಸಿದ್ಧತೆ.' ಹೆಸರಿಟ್ಟವನು ನಾನೇ. ಕಾಲೇಜು ಬಾಗಿಲು ಹಾಕುವ ತನಕ ಇಪ್ಪತ್ತು ವರ್ಷ ಹುಡುಗರಿಗೆ ಪ್ರಬಂಧ ಬರೆಯಲು ಕಲಿಸಿದೆ. ಅಲ್ಲಿ ಗುರಿ ಇಲ್ಲದವರಿಗೆ ಗುರು, ಇಲ್ಲಿ ಗುರಿ ತಪ್ಪಿದವರಿಗೆ ಗುರು. ಬಡ್ತಿ ಎಂದರೆ ಇದೇ ಇರಬೇಕು.

ಮೊದಲ ದಿನವೇ ಹುಸಿಗುಂಡಿನ ಪಾಠ ಮಾಡಿದೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು. ನೋಡಲು ಗುಂಡು, ಒಳಗೆ ಮದ್ದಿಲ್ಲ. ನಿಜವಾದ ಗುಂಡುಗಳ ನಡುವೆ ಅಂಥದ್ದೊಂದನ್ನು ಸೇರಿಸಿ, ಪಿಸ್ತೂಲಿನ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಯಾದ ಮ್ಯಾಗಜೀನ್ ತುಂಬಿ ಕೊಡುತ್ತೇನೆ. ಎಲ್ಲಿ ಸೇರಿಸಿದ್ದೇನೆಂದು ಅವರಿಗೆ ತಿಳಿಯದು. 'ಢಂ' ಎನ್ನಬೇಕಾದದ್ದು 'ಕ್ಲಿಕ್' ಎನ್ನುತ್ತದೆ. ಸದ್ದಿಗೆ ಮೊದಲೇ ಬೆದರಿದವನ ಪಿಸ್ತೂಲು ಮೂಗು ತಗ್ಗಿಸುತ್ತದೆ. ಹೆದರಿಕೆ ಊರಿಗೆಲ್ಲ ಕಾಣುತ್ತದೆ. ಮದ್ದಿಲ್ಲದ ಗುಂಡೇ ಹೆದರಿಕೆಗೆ ಮದ್ದು ಎಂದೆ. ಐವರು ನಕ್ಕರು, ಚೀಸ್ ಫ್ಯಾಕ್ಟರಿಯಲ್ಲಿ ದುಡಿಯುವ ಅಣ್ಣತಮ್ಮಂದಿರು ಎಲ್ಲರಿಗಿಂತ ಜೋರಾಗಿ.

ನಗದವಳು ಡಾರ್ಲಾ ಪುಫಾಲ್, ಶಾಲಾ ಬಸ್ಸಿನ ಚಾಲಕಿ. ನಲವತ್ತು ದಾಟಿದೆ. ನಾನು ಹೇಳಿದ್ದನ್ನೆಲ್ಲ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ, ಜೋಕು ಬಿಟ್ಟು. ಜೋಕನ್ನು ಬಿಟ್ಟು ಬರೆದುಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಕಾಲೇಜಿನಲ್ಲೂ ಸಹಿಸುತ್ತಿರಲಿಲ್ಲ.

ಪ್ರತಿ ಅಭ್ಯಾಸದ ಕೊನೆಗೆ ನನ್ನ ಮೂರು ಮಾತು: "ಇಳಿಸಿ. ಖಾಲಿ ಮಾಡಿ. ತೋರಿಸಿ." ಪಿಸ್ತೂಲು ತಗ್ಗಬೇಕು, ಮ್ಯಾಗಜೀನ್ ಹೊರಬರಬೇಕು, ಖಾಲಿ ಹೊಟ್ಟೆಯನ್ನು ನನಗೆ ತೋರಿಸಬೇಕು. ನಾನು ಇಣುಕಿ 'ಸರಿ' ಎಂದ ಮೇಲೆಯೇ ಒರೆಗೆ. ಈ ವಿಷಯದಲ್ಲಿ ಚರ್ಚೆಯಿಲ್ಲ. ಗುಂಡು ಹೊಡೆಯುವ ಮೈದಾನದಲ್ಲಿ ಈ ಮಾತು ಕೇಳದವನು ಪಕ್ಕದವನ ಕಿವಿ ಹಾರಿಸುತ್ತಾನೆ.

ಮನೆಗೆ ಬಂದು ಹೆಂಡತಿಗೆ "ನೊರೀನ್, ಕಾಫಿ" ಎಂದೆ. ಬಂತು.

ಮಾರ್ಚ್ 9, ಶನಿವಾರ

ಬಕೆಟ್ಟಿನಲ್ಲಿ ಮಂಜುಗಡ್ಡೆ ನೀರು ತುಂಬಿ ಎಲ್ಲರ ಕೈಯನ್ನೂ ಅದ್ದಿಸಿದೆ. ಮರಗಟ್ಟಿದ ಬೆರಳಲ್ಲಿ ಹೊಡೆಯಲಿ. ಬೆನ್ನ ಹಿಂದೆ ಕಿರುಚಿದೆ, ಟೆನ್ನಿಸ್ ಚೆಂಡು ಎಸೆದೆ. ರಟ್ಟಿನ ಕಳ್ಳನ ಕೈಯಲ್ಲಿದ್ದ ಬಂದೂಕಿನ ಚಿತ್ರದ ಮೇಲೆ ಕೇಕ್ ತಟ್ಟೆಯ ಚಿತ್ರ ಅಂಟಿಸಿದ್ದೆ. ಕ್ರೋಲ್ ಕೇಕಿಗೇ ನಾಲ್ಕು ಗುಂಡು ಹೊಡೆದ. ಹಲ್ಲಿನ ವೈದ್ಯ, ಸಿಹಿ ಕಂಡರೆ ಸಿಟ್ಟು ಸಹಜ.

ಡಾರ್ಲಾ ಹೊಡೆಯಲೇ ಇಲ್ಲ. ಪಿಸ್ತೂಲು ಎತ್ತಿ ನಿಂತಳು, ನಿಂತೇ ಇದ್ದಳು.

"ಏನ್ ಡಾರ್ಲಾ, ಬಸ್ ತುಂಬ್ಲಿ ಅಂತ ಕಾಯ್ತಿದ್ದೀರಾ?"

"ಅವನ ಕೈಲಿ ಏನಿದೆ ಅಂತ ನೋಡ್ತಿದ್ದೆ."

"ನೀವು ನೋಡೋ ಹೊತ್ತಿಗೆ ಅವನು ನಿಮ್ಮ ತಿಥಿ ಊಟ ಮುಗಿಸಿರ್ತಾನೆ."

"ಬಾಗಿಲಲ್ಲಿ ಬಂದಿರೋನು ಅವನೇ ಅಲ್ಲದಿದ್ರೆ? ಬೇರೆ ಯಾರಾದ್ರೂ ಆಗಿದ್ರೆ?"

"'ಅವನು' ಅಂದ್ರೆ ಯಾರು?"

ಅವಳು ಪಿಸ್ತೂಲು ಖಾಲಿ ಮಾಡಿ ತೋರಿಸಿ, ನಾನು 'ಸರಿ' ಎಂದ ಮೇಲೆ ಹೇಳಿದಳು. ರಸ್, ಅವಳ ಮಾಜಿ ಗಂಡ. ಎರಡು ವರ್ಷದ ಹಿಂದೆ ಅವಳ ದವಡೆ ಮುರಿದು ಜೈಲಿಗೆ ಹೋದವನು. ಏಪ್ರಿಲ್ ಒಂಬತ್ತು, ಮಂಗಳವಾರ ಬಿಡುಗಡೆ. ಹತ್ತಿರ ಬರಕೂಡದೆಂದು ಕೋರ್ಟಿನ ಆದೇಶವಿದೆ. "ಆ ಕಾಗದ ಫ್ರಿಜ್ ಮೇಲೆ ಅಂಟ್ಸಿದ್ದೀನಿ. ಅವನು ಓದೋ ಪೈಕಿ ಅಲ್ಲ" ಎಂದಳು.

ಐವರೂ ನೆಲ ನೋಡಿದರು. ಒಂದು ಒಳ್ಳೆಯ ತರಗತಿ ಹೀಗೆ ಹಾಳಾಯಿತು. ದುಃಖ ಇದ್ದವರಿಗೆಲ್ಲ ಗುರಿ ಇಡಲು ವಿನಾಯಿತಿ ಕೊಡುತ್ತ ಹೋದರೆ ನಾನು ಚರ್ಚಿನ ಪಾದ್ರಿಯಾಗಬಹುದಿತ್ತು. ಗುಂಡಿಗೆ ಇಲ್ಲದವರು ಗುಂಡಿಗೆ ಕೈ ಹಾಕಬಾರದು ಎಂದೆ. ಅದನ್ನೂ ಅವಳು ಬರೆದುಕೊಳ್ಳಲಿಲ್ಲ.

ಮಾರ್ಚ್ 16, ಶನಿವಾರ

ಕ್ಲಬ್ಬಿನ ಅಧ್ಯಕ್ಷ ಡ್ವೇನ್ ಸ್ಕೂಬಲ್ ಬಂದು ಹಲ್ಲು ಕಿರಿದ. ವಯಸ್ಸು ಮೂವತ್ನಾಲ್ಕು. ಅಪ್ಪನ ಟ್ರ್ಯಾಕ್ಟರ್ ಅಂಗಡಿ ಇವನನ್ನು ಅಧ್ಯಕ್ಷನನ್ನಾಗಿ ಮಾಡಿದೆ.

"ಏನ್ ಪ್ರೊಫೆಸರ್ರೇ, ಅನಿರೀಕ್ಷಿತ ಹೇಗಿದೆ? ನಾನು ಆಫೀಸಲ್ಲಿ ಕೂತ್ಕೊಂಡೇ ಹೇಳ್ಬಲ್ಲೆ, ನೀವು ಈಗ ಕಿರುಚ್ತೀರ ಅಂತ."

"ಹೇಗೋ?"

"ಕಿರುಚೋ ಮುಂಚೆ ಬೀಗದ ಕೈ ಗೊಂಚಲು ಝಣ್ ಅಂತ ಆಡಿಸ್ತೀರಲ್ಲ."

ಮೂರ್ಖ. ಆದರೆ ಒಂದು ಸಂತೋಷದ ಸುದ್ದಿ: ಹುಸಿಗುಂಡಿಗೆ ಇವತ್ತು ಒಬ್ಬರ ಪಿಸ್ತೂಲೂ ಮೂಗು ತಗ್ಗಿಸಲಿಲ್ಲ. ಕ್ರೋಲ್‌ನದು ಕೂಡ! ಎರಡೇ ವಾರದಲ್ಲಿ ಬೆದರಿಕೆ ಬಿಡಿಸಿದ್ದೇನೆ. ಹತ್ತು ವರ್ಷದಲ್ಲಿ ಇಂಥ ತಂಡ ಕಂಡಿರಲಿಲ್ಲ, ಇಂಥ ಗುರುವನ್ನು ಅವರೂ ಕಂಡಿರಲಾರರು.

ಮಾರ್ಚ್ 23, ಶನಿವಾರ

ತರಗತಿ ಮುಗಿದ ಮೇಲೆ ಬೆಂಚಿನ ಮೇಲೆ ಡಾರ್ಲಾಳ ನೋಟ್‌ಬುಕ್ಕು ಉಳಿದಿತ್ತು. ಬೇರೆಯವರ ಪುಸ್ತಕ ಓದುವುದು ತಪ್ಪು. ಇಪ್ಪತ್ತು ವರ್ಷ ಬೇರೆಯವರ ಪುಸ್ತಕ ಓದಿಯೇ ಸಂಬಳ ತೆಗೆದುಕೊಂಡವನಿಗೆ ಆ ತಪ್ಪು ಅಂಟುವುದಿಲ್ಲ.

ಬಸ್ಸಿನ ವೇಳಾಪಟ್ಟಿಯಂತೆ ಗೆರೆ ಹಾಕಿ ಬರೆದಿದ್ದಾಳೆ:

'ಹುಸಿಗುಂಡು: ಯಾವಾಗಲೂ ಮೂರನೆಯದು. ಕ್ರೋಲ್‌ಗೆ, ಚೀಸ್ ಫ್ಯಾಕ್ಟರಿ ಅಣ್ಣತಮ್ಮಂದಿರಿಗೆ, ನನಗೆ. ತಪ್ಪಿದ್ದೇ ಇಲ್ಲ. ಎಲ್ಲರಿಗೂ ಗೊತ್ತು. ಮೇಷ್ಟ್ರಿಗೆ ಗೊತ್ತಿಲ್ಲ.

ಕಿರುಚು: ಬೀಗದ ಕೈ ಸದ್ದಾದ ನಾಲ್ಕು ಸೆಕೆಂಡಿಗೆ.

ಚೆಂಡು: ಎಡಗಡೆಯಿಂದ ಮಾತ್ರ. ಬಲಭುಜ ನೋಯುತ್ತಿರಬೇಕು.

ಜೋಕು: ತರಗತಿಗೆ ಹನ್ನೊಂದು. ಮದ್ದಿನದು ಪ್ರತಿ ವಾರ.'

ನಾಳೆಯೇ ಇದನ್ನು ಅವಳ ಮುಖಕ್ಕೆ ಹಿಡಿದು ವಿಚಾರಿಸುತ್ತೇನೆ. ಬಲಭುಜ ನೋಯುತ್ತದೆ, ನಿಜ. ಆದರೆ ಅದು ಅವಳ ಕೆಲಸವಲ್ಲ.

ಮಾರ್ಚ್ 24, ಭಾನುವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಸಂಜೆ ಐದರ ಹೊತ್ತಿಗೆ ಡಾರ್ಲಾಳ ಮನೆಗೆ ಹೋದೆ. ಈ ಸೀಮೆಯಲ್ಲಿ ಮುಂಬಾಗಿಲಿಗೆ ಬರುವವರು ಇಬ್ಬರೇ: ದೇವರನ್ನು ಮಾರುವವರು ಮತ್ತು ಸಾವಿನ ಸುದ್ದಿ ತರುವ ಪೊಲೀಸ್ ಷೆರಿಫ್. ಮಿಕ್ಕವರೆಲ್ಲ ಪಕ್ಕದ ಬಾಗಿಲಿಗೇ ಹೋಗುತ್ತಾರೆ. ಹೊರಗಿನ ಗಾಜಿನ ಬಾಗಿಲು ತಟ್ಟುವ ಅಭ್ಯಾಸವೂ ಇಲ್ಲ. ತೆಗೆದು ಒಳಗೆ ಹೆಜ್ಜೆಯಿಟ್ಟು, ಕೆಸರು ಬೂಟು ಒರೆಸುತ್ತ 'ಯಾರಿದ್ದೀರಾ' ಎನ್ನುವುದು ಪದ್ಧತಿ. ನಾನೂ ಹಾಗೇ ತೆಗೆದು ಒಳಗೆ ಕಾಲಿಟ್ಟೆ.

ಡಾರ್ಲಾ ಎಂಟಡಿ ದೂರದಲ್ಲಿ ಪಿಸ್ತೂಲು ಹಿಡಿದು ನಿಂತಿದ್ದಳು. ಮೂತಿ ನನ್ನ ಎದೆಗೆ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಹತ್ತು ವರ್ಷ ಅನಿರೀಕ್ಷಿತಕ್ಕೆ ಸಿದ್ಧತೆ ಕಲಿಸಿದವನು ನಾನು. ಮಾಡಬೇಕಾದದ್ದೆಲ್ಲ ಬಾಯಿಪಾಠ. ಒಂದೂ ನೆನಪಾಗಲಿಲ್ಲ. ಗಂಟಲಿನಿಂದ ತಾನಾಗಿ ಹೊರಟದ್ದು ಮೂರೇ ಮಾತು:

"ಇಳಿಸಿ! ಖಾಲಿ ಮಾಡಿ! ತೋರಿಸಿ!"

ಅವಳು ಇಳಿಸಿದಳು. ಮ್ಯಾಗಜೀನ್ ಅವಳ ಕಾಲ ಬಳಿ ಬಿತ್ತು. ಒಳಗಿದ್ದ ಗುಂಡು ಚಿಮ್ಮಿ ಉರುಳುತ್ತ ಬಂದು ನನ್ನ ಬೂಟಿಗೆ ತಾಗಿತು. ಪಿಸ್ತೂಲಿನ ಖಾಲಿ ಹೊಟ್ಟೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ಎಲ್ಲೂ ನೋಡುತ್ತಿರಲಿಲ್ಲ.

"ಸರಿನಾ?" ಎಂದಳು.

"ಸರಿ" ಎಂದೆ, ಅಭ್ಯಾಸಬಲ.

ಆಮೇಲೆ ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದಳು. ನಾನೂ ಕೇಳದೆ ಕುಳಿತೆ.

"ರಸ್‌ನ ತಮ್ಮನ ಟ್ರಕ್ಕು ಬೆಳಗ್ಗೆಯಿಂದ ಎರಡು ಸಲ ಮನೆ ಮುಂದೆ ನಿಧಾನಕ್ಕೆ ಹೋಯ್ತು. ಆ ತಮ್ಮನೇ ಬಂದ ಅಂದ್ಕೊಂಡೆ."

"ನನ್ನ ಗುರುತು ಸಿಕ್ಕಿತಲ್ಲ, ದೇವರು ದೊಡ್ಡೋನು."

"ಗುರುತು ಎಲ್ಲಿ ಸಿಕ್ತು? ನಿಮ್ಮ ಬೆನ್ನ ಹಿಂದೆ ಬಿಸಿಲಿತ್ತು, ಮುಖ ಕಪ್ಪಗಿತ್ತು. ನೀವು ಹೇಳಿದ್ರಿ, ಕೈ ಮಾಡ್ತು."

"ಒಳ್ಳೇದೇ ಆಯ್ತಲ್ಲ, ನನ್ನ ಮಟ್ಟಿಗೆ."

"ವೆಂಡೆಲ್." ಅವಳು ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ರಸ್ ಹೇಳೋದೂ ಹಿಂಗೇ. 'ಇಳಿಸು ಕೈನ. ಬಿಡು ಫೋನ್‌ನ. ತೋರ್ಸು.' ಇದೇ ದನಿ. ಹದಿನಾಲ್ಕು ವರ್ಷ ಅವನು ಕಲ್ಸಿದ್ದ. ಉಳಿದಿದ್ದನ್ನ ನೀವು ನಾಲ್ಕು ಶನಿವಾರದಲ್ಲಿ ಕಲ್ಸಿದ್ರಿ."

ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಬಂದೆ. ವಿಚಾರಣೆ ನಡೆಯಲಿಲ್ಲ.

ಮಾರ್ಚ್ 25, ಸೋಮವಾರ

ಬರೆಯಲು ಏನೂ ಇಲ್ಲ. ರಸ್ ಬಿಡುಗಡೆಗೆ ಇನ್ನು ಹದಿನೈದು ದಿನ.

ಮಾರ್ಚ್ 29, ಶುಕ್ರವಾರ

ಚರ್ಚಿನ ನೆಲಮಾಳಿಗೆಯಲ್ಲಿ ಮೀನಿನ ಊಟ. ಈಸ್ಟರಿಗೆ ಮೊದಲಿನ ಶುಕ್ರವಾರಗಳಲ್ಲಿ ಊರಿಗೆ ಊರೇ ಮಾಂಸ ಬಿಟ್ಟು, ಮಾಂಸದ ಎರಡರಷ್ಟು ಮೀನು ತಿಂದು ಪಶ್ಚಾತ್ತಾಪ ಪಡುತ್ತದೆ. ನೊರೀನ್‌ಗೆ ನಡೆದದ್ದನ್ನು ಹೇಳಿದೆ. ಕ್ರೋಲ್ ಪಕ್ಕದ ಮೇಜಿನಲ್ಲಿದ್ದುದರಿಂದ ಪಿಸುಗುಟ್ಟಿದೆ.

"ಪರಿಹಾರ ಸುಲಭ" ಎಂದೆ. "ನನ್ನ ಮಾತು ಕೇಳಬೇಡ ಅಂತ ಅವಳಿಗೆ ಕಲಿಸ್ತೀನಿ."

"ನೀನು?"

"ಮತ್ಯಾರು? ಉಪ್ಪು, ನೊರೀನ್."

ಉಪ್ಪು ಕೊಟ್ಟಳು. ಕೊಟ್ಟು, ಉಪ್ಪಿನ ಡಬ್ಬಿಯನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದಳು. ಏನೆಂದು ಕೇಳಿದೆ. ಏನಿಲ್ಲ ಎಂದಳು. ಮೂವತ್ತೊಂದು ವರ್ಷ ಸಂಸಾರ ಮಾಡಿಯೂ ಈ ಹೆಂಗಸಿನ 'ಏನಿಲ್ಲ'ದಲ್ಲಿ ಏನಿದೆ ಎಂದು ನನಗೆ ತಿಳಿದಿಲ್ಲ.

ಮಾರ್ಚ್ 30, ಶನಿವಾರ

ಮೈದಾನದಲ್ಲಿ ಮಾತು ಮೀರುವುದನ್ನು ಕಲಿಸುವಂತಿಲ್ಲ, ಹೆಣ ಬೀಳುತ್ತದೆ. ಆದ್ದರಿಂದ ಎಲ್ಲರನ್ನೂ ಕ್ಲಬ್ಬಿನ ಹಾಲ್‌ಗೆ ಕರೆತಂದು ನೀಲಿ ರಬ್ಬರಿನ ಪಿಸ್ತೂಲು ಹಂಚಿದೆ. ನಿಯಮ: ನಿಜವಾದ ಪಿಸ್ತೂಲು, ಮೈದಾನ, ಕೆಂಪು ಟೋಪಿಯ ನಾನು, ಈ ಮೂರೂ ಇದ್ದರೆ ಮಾತು ಕೇಳಬೇಕು. ಟೋಪಿ ತೆಗೆದ ನಾನು ಖಳನಾಯಕ. ಡ್ವೇನ್ ಬಾಗಿಲಿಗೆ ಒರಗಿಕೊಂಡು, "ಟೋಪಿ ಇದ್ರೂ ಅಷ್ಟೇ ಬಿಡಿ" ಎಂದ.

ಐವರಿಗೆ ಎರಡೆರಡು ಸಲದಲ್ಲಿ ಬಂತು. ಡಾರ್ಲಾಳಿಗೆ ಏಳು ಸಲವೂ ಬರಲಿಲ್ಲ. ನಾನು "ಇಳಿಸು!" ಎನ್ನುತ್ತೇನೆ, ನೀಲಿ ಪಿಸ್ತೂಲು ಇಳಿಯುತ್ತದೆ. ಬಾಯಿಯಲ್ಲಿ 'ಇಲ್ಲ, ಇಲ್ಲ' ಎನ್ನುತ್ತಲೇ ಇರುತ್ತಾಳೆ, ಕೈ ಇಳಿಯುತ್ತಲೇ ಇರುತ್ತದೆ. ಏಳನೆಯ ಸಲ ನನಗೆ ರೇಗಿತು.

"ನನ್ನ ಮಾತು ಕೇಳಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

"ಅದನ್ನೂ ನೀವೇ ಹೇಳ್ತಿದ್ದೀರಲ್ಲ!" ಎಂದು ರಬ್ಬರು ಪಿಸ್ತೂಲನ್ನು ನೆಲಕ್ಕೆ ಬಡಿದಳು. ಅದು ಪುಟಿದು ಕ್ರೋಲ್‌ನ ಮೊಣಕಾಲಿಗೆ ತಾಗಿತು. "ಬಸ್ ನಿಲ್ಲಿಸಿದ ಮೇಲೆ ಕೊನೇ ಸೀಟಿನ ತನಕ ನಡ್ಕೊಂಡು ಹೋಗಿ ಯಾವ ಮಗುವೂ ಉಳಿದಿಲ್ಲ ಅಂತ ನೋಡ್ಬೇಕು. ಇಪ್ಪತ್ತೆರಡು ವರ್ಷ ಒಂದು ದಿನ ತಪ್ಸಿಲ್ಲ. ರಜದಲ್ಲಿ ಅಕ್ಕನ ಕಾರಲ್ಲೂ ಹಿಂದೆ ತಿರುಗಿ ನೋಡ್ತೀನಿ. ನನ್ನ ಮೈ ಹಂಗೆ. ಕಲ್ತಿದ್ದನ್ನ ಬಿಡಲ್ಲ."

ನಾನೊಂದು ಜೋಕು ಹೇಳಿದೆ. ಈ ಸಲ ಐವರೂ ನಗಲಿಲ್ಲ.

ಅವಳು ಹಟಮಾರಿ. ಮಂದಬುದ್ಧಿ ಎಂದು ಬರೆಯಹೊರಟೆ, ಆದರೆ ನನ್ನ ಜೋಕುಗಳನ್ನು ಎಣಿಸಿದವಳು ಮಂದಬುದ್ಧಿಯವಳಲ್ಲ.

ಏಪ್ರಿಲ್ 3, ಬುಧವಾರ

ಷೆರಿಫ್ ಕಚೇರಿಗೆ ಹೋಗಿ ಮಂಗಳವಾರ ಡಾರ್ಲಾಳ ರಸ್ತೆಯಲ್ಲಿ ಒಂದು ಪೊಲೀಸ್ ಗಾಡಿ ಇರಲಿ ಎಂದೆ. ನೋಡೋಣ ಎಂದರು. ಬರುವಾಗ ಡಾರ್ಲಾಳ ಮನೆಯ ಗಾಜಿನ ಬಾಗಿಲಿಗೆ ಒಂದು ಚಿಲಕ ಹಾಕಿಕೊಟ್ಟೆ. ಪಕ್ಕದ ಬಾಗಿಲಿಗೆ ಚಿಲಕವಿರುವ ಮನೆ ಆ ರಸ್ತೆಯಲ್ಲಿ ಅದೊಂದೇ. ಹೋಗುವ ಮೊದಲು ಫೋನು ಮಾಡಿ, ಹೋದ ಮೇಲೆ ಮುಂಬಾಗಿಲನ್ನೇ ತಟ್ಟಿದೆ, ಬೈಬಲ್ ಮಾರುವವನಂತೆ. ಅವಳು ಮೊದಲ ಬಾರಿ ನಕ್ಕಳು. ಜೋಕು ಹೇಳದೆ ನಗಿಸಿದ್ದು ಅವಮಾನವೇ.

ಏಪ್ರಿಲ್ 6, ಶನಿವಾರ

ನೊರೀನ್ ಖರ್ಜೂರ ತುಂಬಿದ ಸಿಹಿ ಬಾರ್‌ಗಳನ್ನು ಮಾಡಿ ಹಾಲ್‌ಗೆ ತಂದಳು. ಹತ್ತು ವರ್ಷದಲ್ಲಿ ಒಮ್ಮೆಯೂ ನನ್ನ ತರಗತಿಗೆ ಬಂದವಳಲ್ಲ. ಯಾಕೆ ಎಂದರೆ, ನೋಡೋಣ ಅನ್ನಿಸಿತು ಎಂದಳು. ಕಾಫಿ ಪಾತ್ರೆಯ ಪಕ್ಕ ಕುಳಿತಳು.

ಮತ್ತೆ ಡಾರ್ಲಾ. ಮತ್ತೆ ನೀಲಿ ಪಿಸ್ತೂಲು. ನಾಲ್ಕು ಸಲ ಕಿರುಚಿದೆ, ನಾಲ್ಕು ಸಲ ಇಳಿಯಿತು. ಗಂಟಲು ಒಣಗಿತು. ತಿರುಗದೆಯೇ ಕೈ ಚಾಚಿದೆ.

"ನೊರೀನ್, ಕಾಫಿ."

"ಇಲ್ಲ."

ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಪಿಸ್ತೂಲು 'ಕ್ಲಿಕ್' ಎಂದರೆ ಹಿಡಿಯ ಬುಡ ತಟ್ಟಿ, ಮೇಲ್ಭಾಗ ಹಿಂದಕ್ಕೆ ಎಳೆದು, ಮತ್ತೆ ಕುದುರೆ ಒತ್ತು. ಇದು ನಾನು ಕಲಿಸುವುದು.

"ನೊರೀನ್! ಕಾಫಿ!"

"ಇಲ್ಲ, ವೆಂಡೆಲ್."

ತಿರುಗಿದೆ. ಅವಳು ಕೈ ಕಟ್ಟಿ ಕುಳಿತಿದ್ದಳು. ಸಿಟ್ಟಿರಲಿಲ್ಲ. ಕೆನ್ನೆ ಮಾತ್ರ ಕೆಂಪಾಗಿತ್ತು. ಮೂರನೆಯ ಸಲ ಬಾಯಿ ತೆರೆದೆ. ದನಿ ಅರ್ಧಕ್ಕೇ ಒಡೆದು, ಎಳೆಯ ಹುಂಜ ಕೂಗಿದ ಹಾಗೆ ಏನೋ ಹೊರಟಿತು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಟೋಪಿ ಮುಟ್ಟಿಕೊಳ್ಳಹೋದೆ. ಟೋಪಿ ತಲೆಯ ಮೇಲಿರಲಿಲ್ಲ.

ಹಾಲ್‌ನ ಸೂರು ಬೀಳಲಿಲ್ಲ. ಗಡಿಯಾರ ನಿಲ್ಲಲಿಲ್ಲ. ನೊರೀನ್ ಒಂದು ಬಾರ್ ತೆಗೆದುಕೊಂಡು ಕಚ್ಚಿದಳು.

"ಅಷ್ಟೇನಾ?" ಎಂದಳು ಡಾರ್ಲಾ, ನೊರೀನ್ ಕಡೆ ನೋಡುತ್ತ.

"ಅಷ್ಟೇ ಕಣಮ್ಮ" ಎಂದಳು ನೊರೀನ್, ಬಾಯಿ ತುಂಬ ಖರ್ಜೂರ. "ನಂಗೂ ಈಗ್ಲೇ ಗೊತ್ತಾಗಿದ್ದು."

ಡಾರ್ಲಾ ನೀಲಿ ಪಿಸ್ತೂಲು ಎತ್ತಿ ನನ್ನ ಕಡೆ ತಿರುಗಿದಳು. "ಹೇಳಿ ನೋಡಣ" ಎಂದಳು.

ಹೇಳಿದೆ. ಇಳಿಯಲಿಲ್ಲ. ಹತ್ತು ಸಲ ಹೇಳಿದೆ. ಹತ್ತು ಸಲವೂ "ಇಲ್ಲ" ಎಂದಳು, ಒಂದೊಂದು ಸಲವೂ ಹಿಂದಿನದಕ್ಕಿಂತ ಮೆಲ್ಲಗೆ.

ನನ್ನ ಬೋಧನಾ ಕ್ರಮ ಕೊನೆಗೂ ಫಲ ಕೊಟ್ಟಿದೆ ಎನ್ನಬೇಕು. ಕಾಫಿಯನ್ನು ನಾನೇ ಬಗ್ಗಿಸಿಕೊಂಡೆ. ಆರಿತ್ತು.

ಏಪ್ರಿಲ್ 9, ಮಂಗಳವಾರ

ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಮನೆ ಮುಂದಿನ ಕಾರಿನ ದಾರಿಯಲ್ಲಿ ಕೆಸರು ಗೋರಿದೆ. ಗೋರಿದ ಜಾಗವನ್ನೇ ಮತ್ತೆ ಗೋರಿದೆ.

ಏಪ್ರಿಲ್ 10, ಬುಧವಾರ

ಬೆಳಗ್ಗೆ ಆರೂವರೆಗೆ, ಬಸ್ಸು ಹೊರಡಿಸುವ ಮೊದಲು ಡಾರ್ಲಾ ಫೋನು ಮಾಡಿದಳು.

ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ರಸ್ ಬಂದನಂತೆ, ಪಕ್ಕದ ಬಾಗಿಲಿಗೆ. ಗಾಜಿನ ಬಾಗಿಲು ಎಳೆದ, ಚಿಲಕ ಬಿಡಲಿಲ್ಲ. ಅವಳು ಅಡುಗೆಮನೆಯ ಮೂಲೆಯಲ್ಲಿ ನಿಂತು ಒಂದು ಕೈಯಲ್ಲಿ ಫೋನು ಹಿಡಿದು ಷೆರಿಫ್ ಕಚೇರಿಯೊಂದಿಗೆ ಮಾತಾಡುತ್ತಿದ್ದಳು. ಇನ್ನೊಂದರಲ್ಲಿ ಪಿಸ್ತೂಲು.

"'ಇಳಿಸು ಅದನ್ನ' ಅಂದ. ಇಲ್ಲ ಅಂದೆ. ಮತ್ತೆ ಅಂದ, ಇನ್ನೂ ಜೋರಾಗಿ. ಮತ್ತೆ ಇಲ್ಲ ಅಂದೆ."

"ಆಮೇಲೆ?"

"ಮೂರನೇ ಸಲ ಅನ್ನೋವಾಗ ದನಿ ಒಡೀತು, ವೆಂಡೆಲ್. ಥೇಟ್ ನಿಮ್ಮದರ ಹಂಗೆ. ಅವನಿಗೆ ಮುಂದೆ ಏನ್ ಮಾಡ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ಮೆಟ್ಲ ಮೇಲೆ ಕೂತ್ಬಿಟ್ಟ. ಷೆರಿಫ್ ಗಾಡಿ ಬಂದಾಗ್ಲೂ ಕೂತೇ ಇದ್ದ. ಹೊರಗೆ ಬಂದ ದಿನವೇ ಆದೇಶ ಮುರಿದಿದ್ದಾನೆ, ವಾಪಸ್ ಒಳಗೆ ಹಾಕಿದ್ದಾರೆ."

"ಗುಂಡು?"

"ಒಂದೂ ಹಾರ್ಲಿಲ್ಲ. ಅವರು ಹೋದ್ಮೇಲೆ ಖಾಲಿ ಮಾಡಿ ನೋಡ್ದೆ. ಸರಿ ಅಂತ ನಾನೇ ಅಂದ್ಕೊಂಡೆ." ಬಸ್ಸಿನ ಎಂಜಿನ್ ಶುರುವಾದ ಸದ್ದು ಕೇಳಿಸಿತು. "ಹೊತ್ತಾಯ್ತು, ಮಕ್ಕಳು ಕಾಯ್ತಿರ್ತಾರೆ."

ಥೇಟ್ ನನ್ನದರ ಹಾಗೆ! ಹೋಲಿಸಲು ಅವಳಿಗೆ ಬೇರೆ ಯಾರೂ ಸಿಗಲಿಲ್ಲವೇ? ಈ ಮಾತನ್ನು ಬೆಳಗ್ಗೆಯಿಂದ ನಾಲ್ಕು ಬಾರಿ ಹೊಡೆದುಹಾಕಲು ನೋಡಿದೆ. ಶಾಯಿ ಮುಗಿಯಿತೇ ಹೊರತು ಮಾತು ಹೋಗಲಿಲ್ಲ.

ಏಪ್ರಿಲ್ 13, ಶನಿವಾರ

ಕೊನೆಯ ತರಗತಿ. ಎಲ್ಲರಿಗೂ ಪ್ರಮಾಣಪತ್ರ ಕೊಟ್ಟದ್ದಾಯಿತು. ಡ್ವೇನ್ ಬಂದು ಭಾಷಣ ಮಾಡಿ ಹೋದ, ಯಾರೂ ಕೇಳಲಿಲ್ಲ.

ಇವತ್ತು ಹುಸಿಗುಂಡುಗಳನ್ನು ನೊರೀನ್ ತುಂಬಿದಳು. ಅವಳು ಜನ್ಮದಲ್ಲಿ ಮ್ಯಾಗಜೀನ್ ಮುಟ್ಟಿದವಳಲ್ಲ. ಎಲ್ಲಿ ಯಾವುದು ಹೋಯಿತೆಂದು ಅವಳಿಗೇ ಗೊತ್ತಿರಲಿಲ್ಲ. ಕ್ರೋಲ್‌ಗೆ ಆರನೆಯದು, ಚೀಸ್ ಫ್ಯಾಕ್ಟರಿ ಅಣ್ಣನಿಗೆ ಎರಡು ಒಟ್ಟಿಗೆ, ತಮ್ಮನಿಗೆ ಒಂದೂ ಇಲ್ಲ. ಹುಸಿ ಸಿಕ್ಕವರ ಪಿಸ್ತೂಲುಗಳೆಲ್ಲ ಮತ್ತೆ ಮೂಗು ತಗ್ಗಿಸಿದವು. ನಾನು ಆರು ವಾರದಲ್ಲಿ ಏನು ಕಲಿಸಿದ್ದೆನೋ ಗೊತ್ತಿಲ್ಲ.

ಡಾರ್ಲಾಳದು ಮಾತ್ರ ಕದಲಲಿಲ್ಲ. 'ಕ್ಲಿಕ್' ಎಂದಾಗ ತಟ್ಟಿ, ಎಳೆದು, ರಟ್ಟಿನವನ ಕೈ ನೋಡಿದಳು. ಕೈಯಲ್ಲಿ ಕೇಕ್ ಇತ್ತು. ಹೊಡೆಯಲಿಲ್ಲ.

"ಈಗ ನೀವು" ಎಂದಳು, ಉಳಿದ ಒಂದು ಮ್ಯಾಗಜೀನನ್ನು ನನ್ನ ಕಡೆ ಚಾಚಿ. ಗುರುವಿಗೆ ಪರೀಕ್ಷೆಯಿಡುವ ಪದ್ಧತಿ ಈ ಕ್ಲಬ್ಬಿನಲ್ಲಿಲ್ಲ. ಹಾಗೆಂದು ಹೇಳಬಹುದಿತ್ತು. ಕೆಂಪು ಟೋಪಿಯೂ ತಲೆಯ ಮೇಲೆಯೇ ಇತ್ತು.

ತೆಗೆದುಕೊಂಡು ಗೆರೆಯ ಮೇಲೆ ನಿಂತೆ. ಮೂರನೆಯದಕ್ಕೆ ಮೈ ಸಿದ್ಧವಾಗಿತ್ತು.

ಮೊದಲನೆಯದೇ ಹುಸಿ. ಪಿಸ್ತೂಲಿನ ಮೂತಿ ಗೇಣು ಕೆಳಗಿಳಿದು ನನ್ನ ಬೂಟಿನ ಮುಂದಿನ ಕೆಸರನ್ನು ತೋರಿಸಿತು. ಆರು ಜನ ನೋಡಿದರು, ನೊರೀನ್ ನೋಡಿದಳು.

ಡಾರ್ಲಾ ಪಕ್ಕಕ್ಕೆ ಬಂದು, ದನಿ ಎತ್ತದೆ, "ಇಳಿಸಿ. ಖಾಲಿ ಮಾಡಿ. ತೋರಿಸಿ" ಎಂದಳು. ತೋರಿಸಿದೆ. ಇಣುಕಿ ನೋಡಿ "ಸರಿ" ಎಂದಳು.

ಯಾರೂ ನಗಲಿಲ್ಲ. ನಗಬೇಡಿ ಎಂದು ನಾನು ಹೇಳಿರಲಿಲ್ಲ.

ಮನೆಗೆ ಬಂದು ಕಾಫಿ ಮಾಡಿದೆ. ಪುಡಿ ಎಲ್ಲಿದೆಯೆಂದು ಕೇಳಬೇಕಾಯಿತು. ಕಹಿ ಅಂದಳು ನೊರೀನ್. ಕುಡಿದಳು.